ಅಡುಗೆಮನೆ ಪೊಲೀಸ್

ಹೇಳಿಬಿಡಬೇಕೇ? ಹೇಳಿದರೆ ನಾಳೆಯಿಂದ ಈ ಮಗು ಯಾವ ಪಾಠವನ್ನು ನಂಬುತ್ತದೆ? ಹೇಳದಿದ್ದರೆ ಏನಾಗುತ್ತದೆ ಎಂಬುದಂತೂ ಎದುರಿಗೇ ಕೂತಿತ್ತು, ಶಾಲೆಯ ಊಟದ ಕೋಣೆಯಲ್ಲಿ, ಮುಟ್ಟದ ತಟ್ಟೆಯ ಮುಂದೆ. ಆಹಾರದ ಪಾಠ ಹೇಳುವ ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು.

ಆ ಆಟ ಹುಟ್ಟಿದ್ದು ಅವರ ತಲೆಯಲ್ಲೇ. ಉಪ್ಪು, ಸಕ್ಕರೆ, ಎಣ್ಣೆ ಮಿತವಾಗಿರಲಿ ಎಂದು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಆಕಳಿಸುತ್ತಿದ್ದರು. ಅದಕ್ಕೇ ಎಲ್ಲರ ಎದೆಗೂ ಒಂದೊಂದು ರಟ್ಟಿನ ಬಿಲ್ಲೆ ಸಿಕ್ಕಿಸಿ, "ಇವತ್ತಿಂದ ನೀವೆಲ್ಲ ಅಡುಗೆಮನೆ ಪೊಲೀಸ್. ಮನೇಲಿ ಯಾರು ಜಾಸ್ತಿ ಉಪ್ಪು ಹಾಕ್ಕೊಂಡ್ರೂ ಹಿಡೀಬೇಕು" ಎಂದಿದ್ದರು. ತರಗತಿಗೆ ತರಗತಿಯೇ ಕುಣಿದಾಡಿತ್ತು.

ಈ ಹುಡುಗಿ ಹಿಡಿದದ್ದು ತಾತನನ್ನು. ತಾತ ದರ್ಜಿ. ಹಲ್ಲೆಲ್ಲ ಉದುರಿದ್ದವು. ಬೇಯಿಸಿದ ಆಲೂಗಡ್ಡೆಗೆ ಉಪ್ಪು ಉದುರಿಸಿಕೊಂಡು ತಿನ್ನುವುದೊಂದೇ ಅವರಿಗೆ ಉಳಿದಿದ್ದ ರುಚಿ. ಮೊಮ್ಮಗಳು ಉಪ್ಪಿನ ಡಬ್ಬಿ ಬಚ್ಚಿಟ್ಟಾಗ, "ಆಯ್ತು ಇನ್ಸ್‌ಪೆಕ್ಟರಮ್ಮ, ಈ ಬಡಪಾಯೀನ ಜೈಲಿಗೆ ಮಾತ್ರ ಹಾಕಬೇಡ" ಎಂದು ನಕ್ಕಿದ್ದರು. ರಟ್ಟಿನ ಬಿಲ್ಲೆ ಹರಿದಾಗ ಬಟ್ಟೆಯದೊಂದನ್ನು ಕೆಂಪು ದಾರದಲ್ಲಿ ಹೊಲಿದುಕೊಟ್ಟಿದ್ದರು. ಆಮೇಲಾಮೇಲೆ ಎರಡು ತುತ್ತಿಗೇ ತಟ್ಟೆ ಸರಿಸತೊಡಗಿದರು. ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ.

ಇವತ್ತು ಹುಡುಗಿಯ ತಾಯಿ ಶಾಲೆಗೆ ಬಂದಿದ್ದಳು.

"ಅಪ್ಪನಿಗೆ ವಯಸ್ಸಾಗಿತ್ತು ಮೇಷ್ಟ್ರೇ, ಅದು ನಂಗೊತ್ತು. ಆದ್ರೆ ಇವಳು ಉಪ್ಪು ಬಿದ್ದಿರೋದು ಏನನ್ನೂ ಬಾಯಿಗಿಡ್ತಿಲ್ಲ. ತಾತ ಸಪ್ಪೆ ತಿಂದ್ರು, ನಾನೂ ಸಪ್ಪೇನೇ ತಿಂತೀನಿ ಅಂತಾಳೆ. ಕೊಟ್ರೆ ಅದೂ ಗಂಟಲಲ್ಲಿ ಇಳಿಯಲ್ಲ. ಕಡ್ಡಿ ಆಗೋಗಿದಾಳೆ. ನೀವು ಹಾಕಿದ ಗೆರೆ ದಾಟಲ್ಲ ಅವಳು. ನೀವೇ ಒಂದು ಮಾತು ಹೇಳಿ."

ಮೇಷ್ಟ್ರು ಹೋಗಿ ಹುಡುಗಿಯ ಪಕ್ಕ ಬೆಂಚಿನ ಮೇಲೆ ಕೂತರು.

"ಏನು ಇನ್ಸ್‌ಪೆಕ್ಟರಮ್ಮ, ಊಟದ ಮೇಲೆ ಮುನಿಸಾ?"

"ಹಾಗೆ ಕರೀಬೇಡಿ ಸರ್. ತಾತ ಕರೀತಿದ್ದದ್ದು ಅದು."

"ನಿಂದೇನೂ ತಪ್ಪಿಲ್ಲ ಪುಟ್ಟಿ."

"ಹಾಗಾದ್ರೆ ಪಾಠ ತಪ್ಪಾ?"

ತರಬೇತಿಯಲ್ಲಿ ವೈದ್ಯೆಯೊಬ್ಬರು ಹೇಳಿದ್ದು ಮೇಷ್ಟ್ರಿಗೆ ಚೆನ್ನಾಗಿ ನೆನಪಿತ್ತು. ಊಟ ಸೇರದ ಮುದುಕರ ಮೇಲೆ ಈ ನಿಯಮ ಹೇರಬೇಡಿ, ರುಚಿಸಿದ್ದೊಂದಿಷ್ಟು ಅವರ ಹೊಟ್ಟೆಗೆ ಹೋಗುವುದೇ ಮುಖ್ಯ ಎಂದಿದ್ದರು. ಬಿಲ್ಲೆ ಹಂಚಿದ ದಿನ ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಮಕ್ಕಳು ಕೇಕೆ ಹಾಕುತ್ತಿದ್ದರು. ಆಟ ಕೆಡುತ್ತದೆಂದು ನುಂಗಿಕೊಂಡಿದ್ದರು.

"ಪಾಠ ಸರಿಯಾಗೇ ಇದೆ" ಎಂದರು.

ಹುಡುಗಿ ತಟ್ಟೆಯನ್ನು ಇನ್ನಷ್ಟು ದೂರ ಸರಿಸಿದಳು. "ಪಾಠ ಸರಿ ಅಂದ್ರೆ, ನಾನೇ ಸರಿಯಾಗಿ ಮಾಡ್ಲಿಲ್ಲ."

"ಹಾಗಲ್ಲಮ್ಮ... ತಾತನಿಗೆ ವಯಸ್ಸಾಗಿತ್ತು."

"ಎಲ್ರೂ ಅದನ್ನೇ ಹೇಳ್ತಾರೆ."

ಅವಳು ಎದೆಯ ಮೇಲಿದ್ದ ಬಟ್ಟೆಯ ಬಿಲ್ಲೆ ಬಿಚ್ಚಿ ಅವರ ಅಂಗೈಯಲ್ಲಿಟ್ಟಳು. ತಟ್ಟೆ ಎತ್ತಿಕೊಂಡು ಹೋಗಿ, ಊಟವನ್ನು ಹಾಗೇ ಬಕೆಟ್ಟಿಗೆ ಸುರಿದು, ತೊಳೆದಿಟ್ಟು ತರಗತಿಯ ಕಡೆ ನಡೆದಳು. ಮೇಷ್ಟ್ರು ಬಿಲ್ಲೆಯನ್ನೇ ನೋಡುತ್ತಾ ಕೂತರು. ಕೆಂಪು ಹೊಲಿಗೆ ಎಲ್ಲೂ ಸೊಟ್ಟಗಾಗಿರಲಿಲ್ಲ.

ಹೊರಗೆ ಕಾಯುತ್ತಿದ್ದ ತಾಯಿ ಇಣುಕಿ, "ಹೇಳಿದ್ರಾ ಮೇಷ್ಟ್ರೇ?" ಎಂದಳು.

"ಹೂಂ" ಎಂದರು.

ಅರ್ಧ ಪಾಠವನ್ನು ತಾವೇ ನುಂಗಿಹಾಕಿದ್ದಾಗಿ ಅವರು ಆ ತಾಯಿಗೆ ಹೇಳಲಿಲ್ಲ. ಹುಡುಗಿಗೂ ಹೇಳಲಿಲ್ಲ.