ಮರಾಲ್ ಡಾಕ್ಟರ ಹಾಲೆಂಡ್ ಪರೀಕ್ಷೆ

ಮರಾಲ್ ಡಾಕ್ಟರು ಬೆಳಿಗ್ಗೆ ಹಾಲೆಂಡಿನವರು, ಮಧ್ಯಾಹ್ನ ಅರ್ದಬೀಲಿನವರು. ಇದು ನಮ್ಮ ಸಂಧಿವಾತ ವಿಭಾಗದ ಹಳೆಯ ಜೋಕು. ಅವರ ಲ್ಯಾಪ್‌ಟಾಪಿನ ಮೂಲೆಯಲ್ಲಿ ವಿಪಿಎನ್ನಿನ ಪುಟ್ಟ ಹಸಿರು ಗುಂಡಿಯೊಂದಿತ್ತು. ಅದನ್ನು ಒತ್ತಿದರೆ ಹೊರದೇಶದ ವೈದ್ಯರ ಸಂಘವೊಂದರ ಕಲಿಕೆಯ ತಾಣ ಅವರನ್ನು ರಾಟರ್‌ಡಾಮಿನ ಡಾಕ್ಟರೆಂದು ನಂಬಿ ಒಳಗೆ ಬಿಡುತ್ತಿತ್ತು. ಇರಾನಿನವರೆಂದು ಗೊತ್ತಾದರೆ ಮುಖದ ಮೇಲೇ ಬಾಗಿಲು ಹಾಕುತ್ತದೆ, ನಮ್ಮ ದೇಶದ ಮೇಲೆ ಹೊರಗಿನವರು ಹೇರಿದ ನಿರ್ಬಂಧ. ಇತ್ತ ನಮ್ಮ ವಿಮೆಯ ಔಷಧ ಚೀಟಿಯ ತಾಣದ್ದು ಇನ್ನೊಂದೇ ಹಠ. ವಿಪಿಎನ್ ಇದ್ದರೆ ಅದು ತೆರೆಯುವುದೇ ಇಲ್ಲ. ಹಾಗಾಗಿ ದಿನವಿಡೀ ಒತ್ತು, ಆರಿಸು, ಒತ್ತು, ಆರಿಸು. ಅವರ ಬೆರಳಿಗೆ ಅದು ರೆಪ್ಪೆ ಬಡಿದಷ್ಟು ಸಲೀಸಾಗಿ ಹೋಗಿತ್ತು.

ಆ ಕಲಿಕೆಯ ತಾಣವೆಂದರೆ ಒಂದು ದೊಡ್ಡ ಪ್ರಶ್ನೆಗಳ ಕಣಜ. ರೋಗಿಯ ಕತೆ ಹೇಳುತ್ತದೆ, ಮುಂದೇನು ಮಾಡುತ್ತೀರಿ ಎನ್ನುತ್ತದೆ, ಉತ್ತರ ಕೊಟ್ಟರೆ ಸರಿಯೋ ತಪ್ಪೋ ಹೇಳಿ, ಜಗತ್ತಿನ ಉಳಿದ ಡಾಕ್ಟರುಗಳು ಏನೆಂದರು ಎಂಬುದನ್ನೂ ತೋರಿಸುತ್ತದೆ. ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವುದು. ರಾಟರ್‌ಡಾಮಿನಲ್ಲಿರುವ ಹಳೆಯ ಸಹಪಾಠಿ ಗೆಳತಿಯೊಬ್ಬರು ತಮ್ಮ ಮನೆ ವಿಳಾಸ ಕೊಟ್ಟು ಇವರನ್ನು ಸೇರಿಸಿದ್ದರು. ಮೊದಮೊದಲು ಮರಾಲ್ ಡಾಕ್ಟರು ಅದನ್ನು ಪದಬಂಧ ಬಿಡಿಸುವಂತೆ ಬಿಡಿಸುತ್ತಿದ್ದರು. ಒಂದು ದಿನ, ಅವರ ಕೈಕೆಳಗಿನ ಕಿರಿಯ ಡಾಕ್ಟರಾಗಿದ್ದ ನನ್ನನ್ನು ಕೂಗಿ ಕರೆದರು.

"ಐಲಾರ್, ಬಾ ಇಲ್ಲಿ! ನೋಡು, ಬಾಯಲ್ಲಿ ಹುಣ್ಣು, ಕೆಂಪು ಕಣ್ಣು, ಮಂಡಿ ಊತ. ಬೆಹ್ಚೆಟ್. ಇದನ್ನ ಅವರು ಅಪರೂಪದ ಕಾಯಿಲೆ ಅಂತಾರೆ! ಜಗತ್ತಲ್ಲಿ ಅರ್ಧಕ್ಕರ್ಧ ಜನ ತಪ್ಪು ಉತ್ತರ ಕೊಟ್ಟಿದಾರೆ."

"ನಮ್ಮ ವರಾಂಡದ ಬೆಂಚ್ ಫೋಟೊ ತೆಗೆದು ಕಳಿಸೋಣ, ಖಾನುಮ್ ಡಾಕ್ಟರ್. ಅಪರೂಪದವರು ಸಾಲಾಗಿ ಕೂತಿದಾರೆ."

"ಬಾಯಿ ನೋಡು ಇವಳದ್ದು," ಎಂದು ನಕ್ಕರು. ಆಗೆಲ್ಲ ಬಹಳ ನಗುತ್ತಿದ್ದರು.

ಆಮೇಲೆ ಇಬ್ಬರಿದ್ದ ತಜ್ಞರಲ್ಲಿ ಸಾಬಿರ್ ಡಾಕ್ಟರು ತೆಹರಾನಿಗೆ ಹೋದರು. ಒಬ್ಬರೇ ಉಳಿದ ಮೇಲೆ ವಿಶ್ವವಿದ್ಯಾಲಯದ ಸಮಿತಿ ಬಂತು, ಚಹಾ ಕುಡಿಯಿತು, ಕಪ್ಪು ಹಲ್ವಾ ತಿಂದಿತು, ಹೋಗುವಾಗ ಹೇಳಿತು: ಒಬ್ಬರನ್ನೇ ನಂಬಿ ವಿಭಾಗ ನಡೆಸಲಾಗದು, ಆ ಒಬ್ಬರು ಅಂತರರಾಷ್ಟ್ರೀಯ ಕಲಿಕೆ ಪೂರ್ತಿ ಮುಗಿಸಿ ಪ್ರಮಾಣಪತ್ರ ತಂದರೆ ಮಾತ್ರ ಹೊಸಬರಿಗೆ ತರಬೇತಿ ಕೊಡಬಹುದು, ವಿಭಾಗ ಉಳಿಯಬಹುದು. ಇಲ್ಲವಾದರೆ ಸಾಮಾನ್ಯ ವಿಭಾಗಕ್ಕೆ ಸೇರಿಸಿ, ಕೀಲುನೋವಿನವರನ್ನು ದೂರದ ತಬ್ರೀಜ್ ನಗರಕ್ಕೆ ಕಳಿಸುವುದು.

ಆ ಹೊಸಬರಲ್ಲಿ ಮೊದಲನೆಯವಳು ನಾನೇ ಎಂದು ನಾನಾಗಲೇ ತೀರ್ಮಾನಿಸಿಬಿಟ್ಟಿದ್ದೆ. ಮನೆಯಲ್ಲೂ ಹೇಳಿದ್ದೆ. ಅಣ್ಣ ಗೇಲಿ ಮಾಡಿದ್ದ: "ಮುದುಕಿಯರ ಮಂಡಿ ಒತ್ತೋಕೆ ಇಷ್ಟು ವರ್ಷ ಓದ್ಬೇಕೇನೇ? ಸರೇಯ್ನ್‌ಗೆ ಹೋಗಿ ಬಿಸಿನೀರಲ್ಲಿ ಕೂತ್ರೆ ಆಯ್ತು." ನಮ್ಮೂರಿನಲ್ಲಿ ಅರ್ಧ ಜನ ನಂಬುವುದೂ ಅದನ್ನೇ. ಬಿಸಿನೀರಿನ ಬುಗ್ಗೆಯಲ್ಲಿ ಮುಳುಗೆದ್ದು, ಆಶ್ ಎಂಬ ಗಂಜಿ ಕುಡಿದು, ಬೆರಳು ಪೂರ್ತಿ ಸೊಟ್ಟಗಾದ ಮೇಲೆ ನಮ್ಮಲ್ಲಿಗೆ ಬರುತ್ತಾರೆ.

ಆ ತಾಣದ ಪ್ರಮಾಣಪತ್ರದ ಕೊನೆಯ ಪರೀಕ್ಷೆ ಗುರುವಾರ ಬೆಳಿಗ್ಗೆ ಇತ್ತು. ಒಮ್ಮೆ ಶುರು ಮಾಡಿದರೆ ನಿಲ್ಲಿಸುವಂತಿಲ್ಲ, ಮತ್ತೊಮ್ಮೆ ಬರೆಯುವಂತಿಲ್ಲ. ಮನೆಯಲ್ಲಿ ಕರೆಂಟು ನೆಚ್ಚುವಂತಿರಲಿಲ್ಲ, ಆಸ್ಪತ್ರೆಯಲ್ಲಿ ಜನರೇಟರ್ ಇತ್ತು. ಅದಕ್ಕೇ ತಮ್ಮ ಕೋಣೆಯಲ್ಲೇ ಕೂತರು. ಚಹಾ ಕೊಡುವ ಐನುಲ್ಲಾರನ್ನು ನಾವೆಲ್ಲ ಅಮಿ, ಚಿಕ್ಕಪ್ಪ, ಎನ್ನುತ್ತಿದ್ದೆವು; ಅವರು ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕಾವಲು ಕೂತರು.

"ಜೀವ ಒಯ್ಯೋ ಅಜರಾಯೀಲ ಬಂದ್ರೂ ಟೋಕನ್ ತಗೊಂಡು ಕೂತ್ಕೊ ಅಂತೀನಿ," ಎಂದರು ಅಮಿ.

ನಾನು ಒಳಗೆ ಮೂಲೆಯಲ್ಲಿ ಕೂತು ಉಗುರು ಕಚ್ಚುತ್ತಿದ್ದೆ. ಮರಾಲ್ ಡಾಕ್ಟರು ಸಕ್ಕರೆಯ ಉಂಡೆಯನ್ನು ಹಲ್ಲಿನ ನಡುವೆ ಹಿಡಿದು ಚಹಾ ಹೀರುತ್ತ ಒಂದೊಂದೇ ಪ್ರಶ್ನೆ ಮುಗಿಸುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ನಡುನಡುವೆ ನನ್ನತ್ತ ನೋಡಿ ಹುಬ್ಬು ಕುಣಿಸುತ್ತಿದ್ದರು. ಚೆನ್ನಾಗಿ ಹೋಗುತ್ತಿದೆ ಎಂದರ್ಥ.

ಹೊರಗೆ ಗಲಾಟೆ ಕೇಳಿಸಿತು. ಬಹಲೂಲನ ದನಿ. ಮೆಶ್ಕಿನ್ ದಾರಿಯಲ್ಲಿ ಮಿನಿಬಸ್ ಓಡಿಸುವವನು, ನಮ್ಮ ಹಳೆಯ ಬೆಹ್ಚೆಟ್ ರೋಗಿ.

"ಒಳಗೆ ಪರೀಕ್ಷೆ ನಡೀತಿದೆ ಕಣಯ್ಯ!"

"ಈ ವಯಸ್ಸಲ್ಲಿ ಪರೀಕ್ಷೆನಾ? ಫೇಲಾಗಿದ್ರಾ? ಅಮಿ, ಬಿಡು, ನನ್ನ ಕಣ್ಣು ಹೋಗ್ತಿದೆ."

ಮರಾಲ್ ಡಾಕ್ಟರು ಪರದೆಯಿಂದ ತಲೆ ಎತ್ತಿದರು. ನಾನು ಬೇಡವೆಂದು ತಲೆಯಾಡಿಸಿದೆ. ಅವರು, "ಒಳಗೆ ಬಿಡಿ," ಎಂದರು.

ಬಹಲೂಲನ ಎಡಗಣ್ಣು ದಾಳಿಂಬೆಯ ಕಾಳಿನಂತೆ ಕೆಂಪಾಗಿತ್ತು. ದನಿಯಲ್ಲಿದ್ದ ತಮಾಷೆ ಮುಖದಲ್ಲಿರಲಿಲ್ಲ.

"ಯಾವಾಗಿಂದ?"

"ನಿನ್ನೆಯಿಂದ ಮಂಜು, ಖಾನುಮ್ ಡಾಕ್ಟರ್. ಇವತ್ತು ನಿಮ್ಮ ಮುಖಾನೂ ಕಾಣ್ತಿಲ್ಲ. ಅಂದ ಕಡಿಮೆಯಾಗಿದೆಯೋ ಏನೋ, ಹೇಳೋಕಾಗ್ತಿಲ್ಲ."

ಮರಾಲ್ ಡಾಕ್ಟರು ಟಾರ್ಚ್ ಹಾಕಿ ನೋಡಿದರು. ಮಾತ್ರೆ ಈಗಲೇ ಶುರು ಮಾಡಬೇಕು, ಜೊತೆಗೆ ದುಬಾರಿ ಚುಚ್ಚುಮದ್ದು ಬೇಕೇ ಬೇಕು. ಚುಚ್ಚುಮದ್ದಿಗೆ ವಿಮೆಯ ಒಪ್ಪಿಗೆ ಬೇಕು. ವಿಮೆ ಕಚೇರಿ ಗುರುವಾರ ಮಧ್ಯಾಹ್ನಕ್ಕೇ ಮುಚ್ಚುತ್ತದೆ, ಶುಕ್ರವಾರ ರಜೆ. ಶನಿವಾರದ ತನಕ ಆ ಕಣ್ಣು ಕಾಯುವುದಿಲ್ಲ. ಮತ್ತೆ ಆ ಚೀಟಿ ತಜ್ಞರ ಹೆಸರಿನಲ್ಲೇ ಹೋಗಬೇಕು.

"ನಾನು ಪಕ್ಕದ ಕೋಣೆ ಕಂಪ್ಯೂಟರಲ್ಲಿ ತೆಗೀತೀನಿ, ನೀವು ಅಲ್ಲಿಗೆ ಬನ್ನಿ," ಎಂದು ನಾನು ಎದ್ದೆ.

"ಅದು ತೆರಕೊಳ್ಳೋಷ್ಟರಲ್ಲಿ ಕಚೇರಿ ಮುಚ್ಚತ್ತೆ. ಎರಡು ನಿಮಿಷ. ಇಲ್ಲೇ ಇನ್ನೊಂದು ಕಿಟಕಿ ತೆಗೆದು ಬರೆದುಬಿಡ್ತೀನಿ."

ವಿಮೆಯ ತಾಣ ತೆರೆದರು. ಎಂದಿನಂತೆ ಅದು, ವಿಪಿಎನ್ ಆರಿಸಿ ಬನ್ನಿ, ಎಂದಿತು. ಎಂದಿನಂತೆ ಅವರ ಬೆರಳು ಮೂಲೆಯ ಹಸಿರು ಗುಂಡಿಯನ್ನು ಆರಿಸಿತು. ಕಣ್ಣು ಬಹಲೂಲನ ಮೇಲಿತ್ತು, ಬಾಯಿ ಅವನ ತೂಕ ಕೇಳುತ್ತಿತ್ತು. ನಾನೂ ಅವನನ್ನೇ ನೋಡುತ್ತಿದ್ದೆ.

ಚೀಟಿ ಹೋಯಿತು. ಒಪ್ಪಿಗೆ ಬಂತು. ಐನುಲ್ಲಾ ಅಮಿ ಬಹಲೂಲನ ಕೈ ಹಿಡಿದು ಔಷಧಾಲಯಕ್ಕೆ ಕರೆದೊಯ್ದರು. ಮರಾಲ್ ಡಾಕ್ಟರು ಪರೀಕ್ಷೆಯ ಕಿಟಕಿಗೆ ಮರಳಿದರು.

ಅಲ್ಲಿ ಬಿಳಿ ಪುಟವಿತ್ತು. ಈ ಸೇವೆ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ.

"ಅಯ್ಯೋ," ಎಂದರು, ಸಣ್ಣದಾಗಿ, ಚಹಾ ಚೆಲ್ಲಿದವರ ಹಾಗೆ. ಗುಂಡಿ ಒತ್ತಿದರು. ಹಾಲೆಂಡ್ ಬಂತು. ಪರೀಕ್ಷೆ ಬರಲಿಲ್ಲ. ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ ಎಂಬ ಒಂದು ಸಾಲು ಬಂತು. ಅಷ್ಟು ವರ್ಷ ಬಿಡಿಸಿದ ಪ್ರಶ್ನೆಗಳು, ಗಳಿಸಿದ ಅಂಕಗಳು ಎಲ್ಲವೂ ಆ ಸಾಲಿನ ಹಿಂದೆ ಹೋದವು.

"ನಿಮ್ಮ ಗೆಳತಿಗೆ ಫೋನ್ ಮಾಡಿ. ಅವರು ಹೇಳಿದ್ರೆ ಕೇಳ್ತಾರೆ," ಎಂದೆ ನಾನು. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

ಗೆಳತಿ ಕೇಳಿದರು. ಸಂಘದವರು ಬಹಳ ಸಭ್ಯವಾಗಿ ಉತ್ತರಿಸಿದರು: ನಿಯಮ ನಮ್ಮ ಕೈಯಲ್ಲಿಲ್ಲ, ನಿಮ್ಮ ವೈದ್ಯೆಯ ಕಲಿಯುವ ಆಸಕ್ತಿಗೆ ಅಭಿನಂದನೆ. ಜೊತೆಗೆ, ಆ ವಿಳಾಸ ಕೊಟ್ಟವರು ಯಾರೆಂದೂ ಕೇಳಿದರು. ಮರಾಲ್ ಡಾಕ್ಟರು ಆ ದಿನವೇ ಗೆಳತಿಗೆ, ಇನ್ನು ಈ ವಿಷಯ ಎತ್ತಬೇಡ, ನಿನ್ನ ಕೆಲಸಕ್ಕೆ ಕುತ್ತು ತಂದ್ಕೋಬೇಡ, ಎಂದುಬಿಟ್ಟರು. ಸಮಿತಿಯೆದುರು ಹೋಗಿ ನಡೆದದ್ದನ್ನೆಲ್ಲ ಹೇಳಿದರು. ಅಧ್ಯಕ್ಷರು ನಿಟ್ಟುಸಿರು ಬಿಟ್ಟು, "ಅಲ್ಲ ಖಾನುಮ್ ಡಾಕ್ಟರ್, ಇಡೀ ದೇಶಕ್ಕೇ ಗೊತ್ತಿರೋ ವಿಷಯ ಇದು, ಮೊದಲು ಆ ಕಿಟಕಿ ಮುಚ್ಚಬಾರದಿತ್ತಾ?" ಎಂದರಂತೆ.

"ಏನು ಹೇಳಿದ್ರಿ ನೀವು?" ಎಂದು ಕೇಳಿದೆ.

"ಮುಚ್ಚಬೇಕಿತ್ತು ಅಂದೆ."

ಬಹಲೂಲನಿಗೆ ಒಪ್ಪಿಗೆ ಸಿಕ್ಕಿತ್ತು, ಚುಚ್ಚುಮದ್ದು ಸಿಗಲಿಲ್ಲ. ಅರ್ದಬೀಲಿನಲ್ಲಿ ಇರಲಿಲ್ಲ, ತಬ್ರೀಜಿನಲ್ಲೂ ಮುಗಿದಿತ್ತು. ತೆಹರಾನಿನಿಂದ ಬರುವಷ್ಟರಲ್ಲಿ ಎಡಗಣ್ಣಿನಲ್ಲಿ ಬೆಳಕು ಮಾತ್ರ ಉಳಿದಿತ್ತು, ಆಕಾರವಿಲ್ಲ. ಮಿನಿಬಸ್ಸನ್ನು ಭಾವಮೈದನಿಗೆ ಕೊಟ್ಟ. ಈಗ ಅದೇ ಬಸ್ಸಿನಲ್ಲಿ ಕಂಡಕ್ಟರಾಗಿ ಟಿಕೆಟ್ ಹಣ ಎತ್ತುತ್ತಾನೆ.

ಹೊಸ ವರ್ಷ ನೌರೂಜ್ ಕಳೆದ ಮೇಲೆ ನಮ್ಮ ಬಾಗಿಲಿನ ಫಲಕ ಇಳಿಸಿದರು. ಮರಾಲ್ ಡಾಕ್ಟರು ಕೆಳಗಿನ ಸಾಮಾನ್ಯ ವಿಭಾಗದಲ್ಲಿ ನೆಗಡಿ, ಬಿಪಿ, ಹೊಟ್ಟೆನೋವುಗಳ ನಡುವೆ ಕೂರುತ್ತಾರೆ. ಮೊನ್ನೆ ಹೋಗಿದ್ದೆ. ಎದುರಿಗೆ ಜಮಖಾನ ನೇಯುವ ಒಬ್ಬ ಹುಡುಗಿ ಕೂತಿದ್ದಳು, ಬೆರಳ ಗಿಣ್ಣುಗಳೆಲ್ಲ ಊದಿದ್ದವು. ಮರಾಲ್ ಡಾಕ್ಟರು ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಗಿಣ್ಣನ್ನು ಮೆಲ್ಲಗೆ ಒತ್ತಿ ನೋಡಿದರು. ಆಮೇಲೆ ತಬ್ರೀಜಿಗೆ ಚೀಟಿ ಬರೆದರು.

"ತಬ್ರೀಜಿಗೆ ಯಾರು ಕರ್ಕೊಂಡು ಹೋಗ್ತಾರೆ, ಖಾನುಮ್ ಡಾಕ್ಟರ್? ಅಪ್ಪ ಸರೇಯ್ನ್‌ಗೆ ಹೋಗೋಣ ಅಂತಿದಾರೆ," ಎಂದಳು ಹುಡುಗಿ.

"ಹೋಗ್ಬೇಕು ಮಗಳೇ. ತಡ ಮಾಡ್ಬೇಡ."

ಹುಡುಗಿ ಚೀಟಿಯನ್ನು ಮಡಚಿ ಅಂಗಿಯ ತೋಳಿನೊಳಗೆ ಸಿಕ್ಕಿಸಿಕೊಂಡು ಹೋದಳು. ಅವಳು ತಬ್ರೀಜಿಗೆ ಹೋಗುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು.

"ನೀನು ಯಾವ ವಿಭಾಗಕ್ಕೆ ಅರ್ಜಿ ಹಾಕ್ದೆ?" ಎಂದು ಮರಾಲ್ ಡಾಕ್ಟರು ನನ್ನನ್ನು ಕೇಳಿದರು.

ದಾರಿಯುದ್ದಕ್ಕೂ ಏನೋ ಒಂದು ತಮಾಷೆ ಹೊಂದಿಸಿಕೊಂಡು ಬಂದಿದ್ದೆ. ಬಾಯಿಗೆ ಬರಲಿಲ್ಲ.

"ಚರ್ಮ," ಎಂದೆ. "ಮುಖಕ್ಕೆ ಸೂಜಿ ಹಾಕೋದು, ಕಲೆ ತೆಗೆಯೋದು. ಅದಕ್ಕೆ ಎಲ್ಲೂ ಔಷಧಿ ಕಮ್ಮಿಯಾಗಲ್ಲ."

"ಒಳ್ಳೇದು ಮಾಡಿದೆ," ಎಂದರು. ಕೋಪವಿರಲಿಲ್ಲ, ಬೇಸರವೂ ಇರಲಿಲ್ಲ. ಬಾಗಿಲತ್ತ ನೋಡಿ ಮುಂದಿನ ನೆಗಡಿಯನ್ನು ಒಳಗೆ ಕರೆದರು.