ಕ್ರೂಪಿಯೇ ಎಂಬ ಹಿಂಬದಿ ಸವಾರ

ನಮ್ಮ ಭಾವ ಕ್ಯಾಸಿನೋದಲ್ಲಿ ಚಕ್ರ ತಿರುಗಿಸುವವರು. ಹಾಗಂತ ಯಾರಾದರೂ ಬಾಯಿಬಿಟ್ಟು ಅಂದರೆ ಮುಗಿಯಿತು, ಮೂಗಿನ ತುದಿ ಕೆಂಪಾಗುತ್ತದೆ. "ಕ್ರೂಪಿಯೇ ಅನ್ನಿ, ಫ್ರೆಂಚ್ ಪದ" ಎಂದು ತಿದ್ದುತ್ತಾರೆ. ಬಾಗಿಲ ಫಲಕದಲ್ಲೂ ಹೆಸರಿನ ಕೆಳಗೆ ಅದೇ. ನಲ್ಲಿ ರಿಪೇರಿಯವನು ಅದನ್ನೋದಿ, ಯಾವುದೋ ಡಾಕ್ಟರ್ ಪದವಿ ಎಂದುಕೊಂಡು ಕೈಮುಗಿದು, ಮಗುವಿನ ಕೆಮ್ಮಿಗೆ ಔಷಧಿ ಕೇಳಿದ್ದ. ಈ ಮಹಾರಾಯರು ಬಿಸಿನೀರು ಕುಡಿಸು ಎಂದು ಹೇಳಿ ಕಳಿಸಿದರು!

ಆಟದ ಮೇಜು ಬಿಟ್ಟು ಹೊರಡುವಾಗ ಏನೂ ಕದ್ದಿಲ್ಲವೆಂದು ತೋರಿಸಲು ಚಪ್ಪಾಳೆ ತಟ್ಟಿ ಅಂಗೈ ಬಿಚ್ಚಬೇಕು, ಅದು ಅಲ್ಲಿನ ಕಟ್ಟುಪಾಡು. ಮನೆಯಲ್ಲೂ ಅದೇ ಚಾಳಿ. ಉಂಡ ತಟ್ಟೆ ಎತ್ತಿಡಿ ಎಂದರೆ ಒಂದು ಚಪ್ಪಾಳೆ, ಎರಡು ಖಾಲಿ ಅಂಗೈ. ನನಗಂತೂ ಮೈಯೆಲ್ಲ ಉರಿಯುತ್ತದೆ.

ಅಕ್ಕ ಲೈಬ್ರರಿಯಲ್ಲಿ ಸಹಾಯಕಿ. ಭಾವನಿಗೆ ಸ್ಕೂಟರ್ ಬಿಡಲು ಭಯ, ಹಾಗಾಗಿ ದಿನಾ ಸಂಜೆ ಅವಳೇ ಹಿಂದೆ ಕೂರಿಸಿಕೊಂಡು ಹೋಗಿ ಕೆಲಸಕ್ಕೆ ಬಿಟ್ಟುಬರಬೇಕು. ಹೋದ ವಾರ ಬೇರೆ ಊರಿನ ದೊಡ್ಡ ಲೈಬ್ರರಿಗೆ ಮುಖ್ಯಸ್ಥೆಯಾಗಿ ಬನ್ನಿ ಎಂದು ಅವಳಿಗೆ ಕರೆ ಬಂತು. ಬರುವುದೋ ಇಲ್ಲವೋ ಎಂದು ತಿಳಿಸಲು ಇವತ್ತೇ ಕೊನೆ.

"ಬೇಡ ಅಂತ ಹೇಳ್ಬಿಡು" ಎಂದರು ಭಾವ, ಮಧ್ಯಾಹ್ನ ಊಟಕ್ಕೆ ಕೂತು. "ನೀನು ಹೋದ್ರೆ ನನ್ನ ಬಿಡೋರ್ಯಾರು? ಕ್ರೂಪಿಯೇ ಆದೋನು ಬಸ್ಸಲ್ಲಿ ನೇತಾಡ್ಕೊಂಡು ಹೋಗಕ್ಕಾಗುತ್ತಾ?"

ಅಕ್ಕ ಸೌಟು ಕೆಳಗಿಟ್ಟಳು. "ರೀ, ಆ ಪದ ಎಲ್ಲಿಂದ ಬಂತು ಗೊತ್ತೇನ್ರೀ? ನಿಘಂಟು ನೋಡ್ದೆ."

"ಯಾವ್ದೋ ಅರಮನೆಯಿಂದ್ಲೇ ಇರ್ಬೇಕು."

"ಕ್ರೂಪ್ ಅಂದ್ರೆ ಕುದುರೆ ಕುಂಡೆ. ಇನ್ನೊಬ್ಬ ಓಡಿಸ್ತಿದ್ರೆ, ಅವನ ಹಿಂದೆ ಆ ಕುಂಡೆ ಮೇಲೆ ಕೂತ್ಕೊಳ್ಳೋನೇ ಕ್ರೂಪಿಯೇ. ಆಮೇಲೆ ಜೂಜಾಡೋನ ಹಿಂದೆ ನಿಂತು ಬೆಂಬಲ ಕೊಡೋನಿಗೂ ಅದೇ ಹೆಸರು ಬಂತು. ಕೊನೆಗೆ ಮೇಜಿನ ಹತ್ರ ನಿಲ್ಲೋ ನಿಮಗೆ."

ನಕ್ಕು ನಕ್ಕು ನನಗೆ ತುತ್ತು ನೆತ್ತಿಗೆ ಹತ್ತಿತು. "ಹಿಂಬದಿ ಸವಾರ! ಭಾವ, ಹೆಲ್ಮೆಟ್ ಕಡ್ಡಾಯ ನೋಡಿ."

ಭಾವನ ಮುಖ ಹುಳ್ಳಗಾಯಿತು. ಆದರೆ ಸೋಲೊಪ್ಪುವ ಜೀವವೇ ಅದು? ಎದೆ ಸೆಟೆಸಿ ಕೂತರು. "ನೋಡಿದ್ಯಾ? ನಾನು ಹಿಂದೆ ಕೂರೋನು ಅಂತ ನಿಘಂಟೇ ಹೇಳುತ್ತೆ. ಓಡಿಸೋಕೆ ನೀನು ಇರ್ಲೇಬೇಕು."

"ಓಡಿಸೋಳು ನಾನು ಅಂತ ಒಪ್ಕೊಂಡ್ರಲ್ಲ. ಎಲ್ಲಿಗೆ ಅಂತಾನೂ ನಾನೇ ಹೇಳ್ತೀನಿ. ಆ ಊರಿಗೆ. ಹತ್ತೋದಿದ್ರೆ ಹತ್ತಿ."

"ಅಲ್ಲಿ ಕ್ಯಾಸಿನೋನೇ ಇಲ್ವಲ್ಲೇ!"

ಅಕ್ಕ ಕೈ ತೊಳೆದು ಬಂದು, ನಮ್ಮೆದುರೇ ಫೋನ್ ಹಚ್ಚಿದಳು. "ಹ್ಞೂಂ ಸರ್, ಬರ್ತೀನಿ" ಎಂದಳು.

"ಬರ್ತೀವಿ ಅನ್ನೇ" ಎಂದು ಭಾವ ಪಕ್ಕದಿಂದ ಪಿಸುಗುಟ್ಟಿದರು.