ಅಕ್ಕನ ವ್ಯಾನಿನ ರಿಂಗು

ಹೊಸ ಹಲ್ಲಿನ ರಿಂಗಿಗೆ ಅಕ್ಕನ ಲಾಂಡ್ರಿಯ ಒಂದು ವಾರದ ಗಳಿಕೆ ಹೋಗಿತ್ತು, ಅದನ್ನು ಕಾಯಿಸಿ ಹಿಗ್ಗಿಸುವ ಗ್ಯಾಸಿಗೆ ಅರ್ಧ ದಿನದ್ದು. ಇಂಜಿನ್ನಿನ ದೊಡ್ಡ ಚಕ್ರ ಫ್ಲೈವೀಲಿನ ಸುತ್ತ ಸರಿಯಾಗಿ ಕೂತರೆ ವ್ಯಾನು ಇನ್ನೂ ಎಷ್ಟೋ ವರ್ಷ ಓಡೀತು. ಉಲ್ಟಾ ಕೂತು ಆರಿ ಕಚ್ಚಿಕೊಂಡರೆ ಕತ್ತರಿಸಿಯೇ ತೆಗೆಯಬೇಕು. ಆಮೇಲೆ ಗುಜರಿಯವನೂ ಮೂಗು ಮುರಿಯುತ್ತಾನೆ. ಆ ಹಳೇ ಇಂಜಿನ್ನಿಗೆ ಹೊಂದುವ ರಿಂಗು ಅಂಗಡಿಯಲ್ಲಿ ಅದೊಂದೇ ಉಳಿದಿತ್ತು.

ವ್ಯಾನು ಅಕ್ಕನದು. ಲಾಡ್ಜುಗಳ ಹಾಸಿಗೆ ಬಟ್ಟೆ ತಂದು, ಒಗೆದು, ಅದರಲ್ಲೇ ತಲುಪಿಸುತ್ತಿದ್ದಳು. ಇಂಜಿನ್ ಬಿಚ್ಚಿದವರು ಅವಳ ಗಂಡ ಮತ್ತು ತಮ್ಮ. ಇಬ್ಬರಿಗೂ ಒಂದೇ ಗ್ಯಾರೇಜು, ಒಂದೇ ಸ್ಪ್ಯಾನರ್ ಪೆಟ್ಟಿಗೆ. ಮಾತು ಮಾತ್ರ ಇಲ್ಲ. ಬೇಸಿಗೆಯಲ್ಲೊಮ್ಮೆ ಗಂಡ ಗಿರಾಕಿಯ ಎದುರಿಗೇ ಬಾಮೈದನನ್ನು ತೋರಿಸಿ "ಇವನಿಗೆ ಕೈಗಿಂತ ಬಾಯಿ ಚುರುಕು" ಅಂದಿದ್ದ. ಅಂದಿನಿಂದ ಎಲ್ಲ ಮಾತೂ ಅಕ್ಕನ ಮೂಲಕವೇ ಸಾಗಬೇಕು.

ರಿಂಗು ಇಟ್ಟಿಗೆಗಳ ಮೇಲೆ ಕಾಯುತ್ತಿತ್ತು. ತಮ್ಮ ಉರಿಯನ್ನು ಸುತ್ತಲೂ ಆಡಿಸುತ್ತಿದ್ದ, ಗಂಡ ಇಕ್ಕಳ ಹಿಡಿದು ನಿಂತಿದ್ದ. ಇಬ್ಬರ ನಡುವೆ ಅಕ್ಕ ಚಹಾದ ಲೋಟ ಹಿಡಿದು ಕೂತಿದ್ದಳು.

"ನಿನ್ನ ತಮ್ಮಂಗೆ ಹೇಳು, ಉರಿ ಒಂದೇ ಕಡೆ ನಿಲ್ಲಿಸಬಾರದು ಅಂತ."

"ನಿಲ್ಲಿಸಿಲ್ಲ ಅಂತ ಹೇಳು ಅಕ್ಕ."

"ಇಬ್ರಿಗೂ ಕೇಳಿಸ್ತಲ್ಲ," ಅಂದಳು ಅಕ್ಕ, ಚಹಾ ಊದುತ್ತ. "ನಾನೇನು ಟೆಲಿಫೋನಾ? ಅದಕ್ಕಾದ್ರೂ ಬಿಲ್ ಕಟ್ತಾರೆ."

ಕಬ್ಬಿಣ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಗಂಡ ರಿಂಗನ್ನು ಎತ್ತಿ, ನೆಲದ ಮೇಲೆ ಮಲಗಿಸಿದ್ದ ಫ್ಲೈವೀಲಿನತ್ತ ನಡೆದ. ರಿಂಗಿನ ಹಲ್ಲುಗಳು ಒಂದು ಬದಿಯಲ್ಲಿ ಮಾತ್ರ ಇಳಿಜಾರಾಗಿರುತ್ತವೆ. ಆ ಬದಿ ಮೇಲೆ ಬಂದರೆ ತಾನೆ ಇಂಜಿನ್ ತಿರುಗಿಸುವ ಸ್ಟಾರ್ಟರಿನ ಹಲ್ಲು ಸಲೀಸಾಗಿ ಕೂಡುವುದು. ಅದು ಕೆಳಗಿತ್ತು.

"ಅಕ್ಕ, ಇಳಿಜಾರು ಕೆಳಗಿದೆ, ಹೇಳು, ಬೇಗ."

ಅಕ್ಕನ ಬಾಯಲ್ಲಿ ಒಂದು ಗುಟುಕು ಚಹಾ ಇತ್ತು. ನುಂಗಬಹುದಿತ್ತು, ನುಂಗಲಿಲ್ಲ. ಒಂದು ವಾರದ ಗಳಿಕೆ ಇಕ್ಕಳದ ತುದಿಯಲ್ಲಿ ತೂಗುತ್ತಿತ್ತು; ಅವಳು ಲೋಟದೊಳಗೆ ನೋಡುತ್ತ ಕೂತಳು. ಗಂಡ ಬಗ್ಗಿದ. ಕೆಲಸದ ನಡುವೆ ತನ್ನನ್ನೇ ಕರೆದು ಹೇಳದ ಮಾತು ಅವನ ಕಿವಿಗೆ ಬೀಳುತ್ತಿರಲಿಲ್ಲ.

"ಭಾವ, ನಿಲ್ಲಿ. ಉಲ್ಟಾ ಇದೆ."

ಇಕ್ಕಳ ಫ್ಲೈವೀಲಿನಿಂದ ಗೇಣು ಮೇಲೆ ನಿಂತಿತು. ಗಂಡ ಕಣ್ಣು ಕಿರಿದು ಮಾಡಿ ನೋಡಿದ. "ಮೊದಲೇ ಬಾಯಿ ಬಿಡೋಕೇನಾಗಿತ್ತೋ ನಿಂಗೆ," ಅನ್ನುತ್ತ ರಿಂಗನ್ನು ಇಟ್ಟಿಗೆಯ ಮೇಲಿಟ್ಟು ಮಗುಚಿದ. "ಉರಿ ಕೊಡು, ಆರ್ತಾ ಇದೆ."

"ಕೊಟ್ಟೆ ಭಾವ. ಹೂಂ, ಈಗ ಎತ್ತಿ."

ಈ ಸಲ ರಿಂಗು ಕೈಗೆ ಬಳೆ ಏರಿದಂತೆ ಇಳಿಯಿತು. ತಮ್ಮ ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿದ. ಆರುತ್ತ ಆರುತ್ತ ಲೋಹ ಟಿಕ್ ಟಿಕ್ ಅಂದು ಬಿಗಿಯಿತು.

"ನೀನ್ಯಾಕೆ ಹೇಳಲಿಲ್ಲ?" ಗಂಡ ಅಕ್ಕನತ್ತ ತಿರುಗಿ ಕೇಳಿದ.

"ಬಾಯಲ್ಲಿ ಚಹಾ ಇತ್ತು."

"ರಿಂಗು ಹಾಳಾಗಿದ್ರೆ?"

"ನನ್ನ ದುಡ್ಡು. ನಿಮಗೇನು ಕಷ್ಟ?"

ಇಂಜಿನ್ ಜೋಡಿಸಿದ ದಿನ ವ್ಯಾನು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಭಾವ, ಬಾಮೈದ ಇಬ್ಬರೂ ಅದರ ಮುಂದೆ ನಿಂತು ಕ್ಲಚ್ಚಿನ ವಿಷಯಕ್ಕೆ ನೇರವಾಗಿಯೇ ಜಗಳವಾಡಿದರು. ಅಕ್ಕನಿಗೆ ವ್ಯಾನು ಉಳಿಯಿತು, ಗ್ಯಾರೇಜಿನಲ್ಲಿ ಕೂರುವ ಕೆಲಸ ತಪ್ಪಿತು. ರಿಂಗು ಕೂರಿಸಿದ ದಿನದ ಆ ಲೋಟದ ಚಹಾ ಮಾತ್ರ ತಣ್ಣಗಾಗಿ ಹೋಗಿತ್ತು.